ಠಾಣೆಯ ಕ್ಯಾಮೆರಾ ಯಾರಪ್ಪನ ಆಸ್ತಿ?



ಪೊಲೀಸ್ ಠಾಣೆಗಳ ಗೋಡೆಗೆ ಸಿಸಿಟಿವಿ ಕ್ಯಾಮೆರಾ ಬಂದಿದೆ. ಅದು ಯಾರ ದುಡ್ಡು? ಬೀಡಿ, ಬೆಂಕಿಪೊಟ್ಟಣ, ಸೋಪು ಕೊಳ್ಳುವಾಗ ನಾವೂ ಕಟ್ಟಿದ ತೆರಿಗೆಯ ದುಡ್ಡು. ಕೇರಿಯ ಹುಡುಗನನ್ನು ಒಳಗೆ ಎಳೆದುಕೊಂಡು ಹೋದಾಗ ಆ ಕ್ಯಾಮೆರಾ ನೋಡುತ್ತಿರುತ್ತದೆ. ಆಮೇಲೆ ಅವನ ಅವ್ವ ಬಂದು "ಅದರಾಗೆ ಏನೈತೆ ತೋರಿಸಿ ಸ್ವಾಮಿ" ಅಂದರೆ ಮೂರು ಉತ್ತರ ಸಿದ್ಧವಾಗಿರುತ್ತವೆ. "ಕ್ಯಾಮೆರಾ ಕೆಟ್ಟೋಗಿದೆ ಹೋಗಮ್ಮ." ಕೆಡದಿದ್ದರೆ, "ಅಳಿಸಿಹೋಗಿದೆ." ಅಳಿಸದಿದ್ದರೆ, "ತನಿಖೆ ನಡೀತಾ ಇದೆ, ಕೊಡೋಕಾಗಲ್ಲ." ಕಡೆಗೆ ಹೊಡೆತ ತಿಂದವನ ಬೆನ್ನು ಸುಳ್ಳಾಗುತ್ತದೆ, ಹೊಡೆದವನ ರಿಪೋರ್ಟು ನಿಜವಾಗುತ್ತದೆ.

ಇದು ಕಾನೂನಲ್ಲ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಪ್ರತಿ ಠಾಣೆಯ ಬಾಗಿಲು, ಲಾಕಪ್ಪು, ಓಣಿ, ಇನ್ಸ್‌ಪೆಕ್ಟರ ಕೋಣೆ ಎಲ್ಲ ಕಡೆ ಕ್ಯಾಮೆರಾ ಇರಬೇಕು. ಚಿತ್ರದ ಜೊತೆ ಮಾತೂ ದಾಖಲಾಗಬೇಕು. ಅದನ್ನು 18 ತಿಂಗಳು ಕಾಪಾಡಬೇಕು. ಅಷ್ಟು ದಿನ ಹಿಡಿಯುವ ಯಂತ್ರ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಆಗಕೂಡದು. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿಯೇ ಹೊಣೆ. ಏಟು ತಿಂದವನಿಗೆ ಆ ದೃಶ್ಯವನ್ನು ಕಾಯ್ದಿಡಿಸುವ ಹಕ್ಕಿದೆ ಎಂದು ಊರಿನ ಭಾಷೆಯಲ್ಲಿ ಠಾಣೆಯ ಮುಂದೆ ಬೋರ್ಡು ಹಾಕಬೇಕು. ನಿಮ್ಮೂರ ಠಾಣೆಯ ಮುಂದೆ ಆ ಬೋರ್ಡು ಕಂಡಿದ್ದೀರಾ?

ಆದೇಶ ಬಂದು ಐದು ತಿಂಗಳಾಗಿತ್ತು. 2021ರ ಮೇ ತಿಂಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯೊಳಗೆ ತನಗೆ ಮೂತ್ರ ನೆಕ್ಕಿಸಿದರೆಂದು ದಲಿತ ಯುವಕನೊಬ್ಬ ಹೆದರದೆ ದೂರು ಕೊಟ್ಟ. ಸಿಐಡಿ ತನಿಖೆಯಾಯಿತು, ಸೆಪ್ಟೆಂಬರಿನಲ್ಲಿ ಸಬ್‌ಇನ್ಸ್‌ಪೆಕ್ಟರನ ಬಂಧನವಾಯಿತು. ಇಂಥ ಯುವಕರು ಎಷ್ಟು ಮಂದಿ ಬಾಯಿಬಿಡದೆ ಮನೆಗೆ ಹೋಗಿದ್ದಾರೋ! 2025ರಲ್ಲಿ ರಾಜಸ್ಥಾನವೊಂದರಲ್ಲೇ ಏಳೆಂಟು ತಿಂಗಳಲ್ಲಿ 11 ಜನ ಪೊಲೀಸ್ ವಶದಲ್ಲಿ ಸತ್ತ ಸುದ್ದಿ ಓದಿ, ಸುಪ್ರೀಂ ಕೋರ್ಟೇ ತಾನಾಗಿ ಮೊಕದ್ದಮೆ ಹೂಡಿ, ಕ್ಯಾಮೆರಾಗಳೇನಾದವು ಎಂದು ಕೇಳಬೇಕಾಯಿತು.

ನಮಗೆ ಇದು ಹೊಸದಲ್ಲ. 1923ರಲ್ಲೇ ಬಾಂಬೆ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಎಂದು ನಿರ್ಣಯ ಮಾಡಿತ್ತು. ಮಹಾಡದ ಪುರಸಭೆಯೂ ಹೂಂ ಅಂದಿತ್ತು. ಕಾಗದದ ಮೇಲೆ ಕೆರೆ ತೆರೆದಿತ್ತು, ಆದರೆ ನೀರು ಮುಟ್ಟುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಚೌದಾರ್ ಕೆರೆಯ ನೀರು ಕುಡಿದ ಮೇಲೆ ತಾನೆ ಆ ನಿರ್ಣಯಕ್ಕೆ ಜೀವ ಬಂದದ್ದು? ಇವತ್ತು ಪೊಲೀಸರ ದಾಖಲೆಯೇ ಆ ಕೆರೆ. ಅಂದು ಮುಟ್ಟಬೇಡ ಅಂದರು, ಇಂದು ನೋಡಬೇಡ ಅನ್ನುತ್ತಾರೆ.

ದೌರ್ಜನ್ಯ ತಡೆ ಕಾಯ್ದೆಯನ್ನೇ ನೋಡಿ. ನಾವು ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಂಡು, ತಕ್ಷಣ ನಕಲು ಕೊಡಬೇಕು. ಬೇಕೆಂದೇ ಕರ್ತವ್ಯ ತಪ್ಪಿದ ಸರ್ಕಾರಿ ನೌಕರ ದಲಿತನಲ್ಲದಿದ್ದರೆ 4ನೇ ಕಲಮಿನಲ್ಲಿ ಆರು ತಿಂಗಳಿಂದ ಒಂದು ವರ್ಷ ಜೈಲು. 2016ರಿಂದ ಜಾರಿಯಲ್ಲಿರುವ 15ಎ ಕಲಮು ಈ ಕಾಯ್ದೆಯ ಎಲ್ಲ ನಡಾವಳಿಗಳ ವಿಡಿಯೋ ಆಗಬೇಕು ಅನ್ನುತ್ತದೆ. ಸಾಕ್ಷಿಗಳನ್ನು ಹೆದರಿಸಿ ತಿರುಗಿಸುವ ಊರ ಗೌಡರಿಗೆ ಇದಕ್ಕಿಂತ ದೊಡ್ಡ ಶತ್ರು ಇನ್ನೊಂದಿಲ್ಲ. ಅದಕ್ಕೇ ಅದು ಪುಸ್ತಕದಲ್ಲೇ ಮಲಗಿದೆ.

"ಮೊಬೈಲಿನಲ್ಲಿ ತೆಗೆದದ್ದಿದೆಯಲ್ಲ, ಸಾಲದಾ?" ಅನ್ನಬಹುದು. ಸಾಲದು. ಕೋರ್ಟು ವಿಡಿಯೋವನ್ನು ಸುಮ್ಮನೆ ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಬಂದಿರುವ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು, ಅದರಲ್ಲಿ 'ಹ್ಯಾಶ್' ಎಂಬ ಗುರುತು ಬೇಕು. ಹ್ಯಾಶ್ ಅಂದರೆ ವಿಡಿಯೋದ ಹೆಬ್ಬೆಟ್ಟು. ಒಂದು ಚೂರು ಕತ್ತರಿಸಿದರೂ ಬದಲಾಗುತ್ತದೆ. ಆದರೆ ಠಾಣೆಯ ಯಂತ್ರ ಯಾರ ಕೈಲಿದೆ? ಆರೋಪ ಹೊತ್ತವರ ಕೈಲೇ! ಕಳ್ಳನ ಸೊಂಟದಲ್ಲೇ ಕಣಜದ ಬೀಗದಕೈ.

ಹೆಣ್ಣುಮಕ್ಕಳ ಮಾನದ ಪ್ರಶ್ನೆ ಎತ್ತುತ್ತಾರೆ. ಒಪ್ಪಿದೆವು. ನೊಂದ ಹೆಣ್ಣಿನ ಹೆಸರು, ಮುಖ ಮರೆಮಾಡಲೇಬೇಕು. ಆ ಮರೆ ಇರುವುದು ಅವಳಿಗಾಗಿ. ಲಾಠಿ ಹಿಡಿದವನು ಅದರ ಹಿಂದೆ ಅಡಗುವುದಕ್ಕಲ್ಲ. ತನಿಖೆಯ ನೆಪವೂ ಹಳೆಯದು. ತನಿಖೆ ಇದೆ ಎಂಬುದೊಂದೇ ಮಾಹಿತಿ ನಿರಾಕರಿಸಲು ಕಾರಣವಲ್ಲ, ತನಿಖೆಗೆ ಹೇಗೆ ಅಡ್ಡಿ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟು 2007ರಲ್ಲೇ ಹೇಳಿದೆ.

ನಮ್ಮ ಒತ್ತಾಯಗಳು:

1. ಕಾಯ್ದಿಡಿಸುವ ಹಕ್ಕು ಮಾತ್ರ ಸಾಲದು. ನೊಂದವರಿಗೆ ಹ್ಯಾಶ್ ಸಮೇತ ದೃಶ್ಯದ ನಕಲು ಪುಕ್ಕಟೆ ಕೊಡಬೇಕು.
2. ಕ್ಯಾಮೆರಾ ಕೆಟ್ಟಿದ್ದ ದಿನ, ಗಂಟೆಗಳ ಪಟ್ಟಿಯನ್ನು ಪ್ರತಿ ತಿಂಗಳು ಠಾಣೆಯ ಮುಂದೆ ಅಂಟಿಸಬೇಕು.
3. ದೃಶ್ಯಗಳನ್ನು ನೋಡಬೇಕಾದ ಜಿಲ್ಲಾ ಉಸ್ತುವಾರಿ ಸಮಿತಿ ತಾನು ಕಂಡದ್ದನ್ನು ಜನರ ಮುಂದಿಡಬೇಕು.
4. ಠಾಣೆಯಲ್ಲಿ ಸಾವಾದರೆ ದೃಶ್ಯವನ್ನು ಅಂದೇ ಪೊಲೀಸರ ಕೈಯಿಂದ ಬಿಡಿಸಿ ಮ್ಯಾಜಿಸ್ಟ್ರೇಟರ ವಶಕ್ಕೆ ಒಪ್ಪಿಸಬೇಕು.

ಅಲ್ಲಿಯವರೆಗೆ ಸುಮ್ಮನೆ ಕೂರಬೇಡಿ. ಕೇರಿಯವರನ್ನು ಠಾಣೆಗೆ ಎಳೆದ ದಿನವೇ, ಇಂಥ ಗಂಟೆಯಿಂದ ಇಂಥ ಗಂಟೆಯವರೆಗಿನ ದೃಶ್ಯ ಅಳಿಸಬೇಡಿ ಎಂದು ಎಸ್‌ಪಿಗೂ ಮಾನವ ಹಕ್ಕು ಆಯೋಗಕ್ಕೂ ಅರ್ಜಿ ಬರೆಯಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ. ಮಾಹಿತಿ ಹಕ್ಕಿನಲ್ಲೂ ಕೇಳಿ. ಜೀವ, ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಯೊಳಗೆ ಉತ್ತರ ಕೊಡಬೇಕು. ಬರೆಯಲು ಬಾರದವರಿಗೆ ಬರೆದುಕೊಡುವುದು ಓದಿದ ನಮ್ಮ ಹುಡುಗ ಹುಡುಗಿಯರ ಕೆಲಸ.

ಕೆರೆ ನಮ್ಮದು. ನೀರೂ ನಮ್ಮದೇ. ನಡೆಯಿರಿ, ಕೈಯಿಕ್ಕೋಣ.

ಜೈ ಭೀಮ್!