ಪತ್ರಾ ಮನೆಯಲ್ಲೊಂದು ಫ್ಲಾಶ್ ಬೆಳಕು

ಮೊನ್ನೆ ಭಾನುವಾರ ಧಾರಾವಿಗೆ ಹೋಗಿದ್ದೆ. ತಮ್ಮನ ಮನೆಗೆ. ಅಂದರೆ ನಾನು ಬೆಳೆದ ಮನೆಗೆ. ಹತ್ತು ಅಡಿಗೆ ಹನ್ನೆರಡು ಅಡಿಯ ಖೋಲಿ, ಮೇಲೊಂದು ಮಾಳಾ, ಅದರ ಮೇಲೆ ಪತ್ರಾ. ನಾನೀಗ ಸಾಯನ್ ಸ್ಟೇಷನ್ನಿನ ಆಚೆ ಬದಿ ಇದ್ದರೂ ಭಾನುವಾರದ ಜೋಳದ ರೊಟ್ಟಿಗೆ ಅಲ್ಲಿಗೇ ಹೋಗಬೇಕು. ಈ ಸಲ ಹೆಗಲಿಗೆ ಕ್ಯಾಮೆರಾ ಚೀಲವೂ ಇತ್ತು. ತಮ್ಮನ ಮಗಳಿಗೆ ಆರು ತುಂಬಿತು, ಅವಳದೊಂದು ಒಳ್ಳೆಯ ಫೋಟೋ ತೆಗೆಯೋಣ ಅಂತ.

ಗೋಡೆಗೆ ಒರಗಿಸಿ ನಿಲ್ಲಿಸಿದೆ. ಕ್ಯಾಮೆರಾದ ಫ್ಲಾಶ್ ಫಳ್ ಅಂತು. ನೋಡಿದರೆ ಮುಖ ಸುಣ್ಣ ಬಳಿದ ಹಾಗೆ, ಕಣ್ಣು ಕೆಂಪು, ಬೆನ್ನ ಹಿಂದೆ ಗೋಡೆಯ ಮೇಲೆ ಇನ್ನೊಬ್ಬಳು ಕರಿ ಹುಡುಗಿ! ತಮ್ಮನ ಹೆಂಡತಿ, "ಬೆಳ್ಳಗ ಬಂದಾಳಲ್ರೀ ಭಾವಾರ, ಇರ್ಲಿ ಬಿಡ್ರಿ" ಅಂದಳು. ಹುಡುಗಿ ಮಾತ್ರ ಇಣುಕಿ ನೋಡಿ, "ದೊಡ್ಡಪ್ಪಾ, ಇದು ನಾ ಅಲ್ಲ" ಅಂತ ಹೇಳಿ ಆಡಲಿಕ್ಕೆ ಓಡಿಬಿಟ್ಟಳು.

ಅವಳು ಹೇಳಿದ್ದೇ ಸರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬ್ಯಾಂಕಿನಲ್ಲಿ ಮೂವತ್ತು ವರ್ಷದಿಂದ ಫಾರಂಗಳ ಮೇಲೆ ಅಂಟಿಸಿದ ಫೋಟೋಗಳನ್ನು ನೋಡುತ್ತಾ ಬಂದವನು ನಾನು. ನೇರ ಫ್ಲಾಶಿಗೆ ಚಪ್ಪಟೆಯಾದ ಮುಖಗಳು. ಗುರುತು ಹಿಡಿಯಲು ಅಷ್ಟು ಸಾಕು, ಮನುಷ್ಯನನ್ನು ನೋಡಲು ಸಾಲದು. ನಮ್ಮ ಮನೆಯ ಮೊದಲ ಫೋಟೋ ಕೂಡ ಅಂಥದ್ದೇ. 1972ರ ಬರದಲ್ಲಿ ಕಲಬುರಗಿ ಕಡೆಯಿಂದ ಅಪ್ಪ-ಅವ್ವ ನನ್ನನ್ನು ಎತ್ತಿಕೊಂಡು ಇಲ್ಲಿಗೆ ಬಂದರು. 1976ರಲ್ಲಿ ಸರ್ಕಾರ ಮುಂಬಯಿಯ ಝೋಪಡಿಗಳನ್ನು ಎಣಿಸಿ ಫೋಟೋಪಾಸ್ ಕೊಟ್ಟಿತಲ್ಲ, ಅದರಲ್ಲಿ ಅಪ್ಪನ ಮುಖ ಇದೆ. ಕಣ್ಣು ಬಿಟ್ಟು ಬೆದರಿದ ಮುಖ. ನನ್ನ ಬಾಲ್ಯದ ಫೋಟೋ ಒಂದೂ ಇಲ್ಲ. ಆರು ವರ್ಷದಲ್ಲಿ ನಾನು ಹೇಗಿದ್ದೆ ಅಂತ ಹೇಳಲು ಅವ್ವ ಇದ್ದಳು, ಈಗ ಅವಳೂ ಇಲ್ಲ.

ಬಡವರ ಮನೆಗೂ ಫ್ಲಾಶಿಗೂ ಹಳೆಯ ನಂಟು. ಜಾಕಬ್ ರೀಸ್ ಅಂತ ನ್ಯೂಯಾರ್ಕಿನ ಪತ್ರಕರ್ತ, ತಾನೂ ಡೆನ್ಮಾರ್ಕಿನಿಂದ ವಲಸೆ ಬಂದವನೇ. 1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಫ್ಲಾಶ್ ಪುಡಿ ಕಂಡುಹಿಡಿದ ಸುದ್ದಿ ಓದಿ, ರಾತ್ರಿ ಹೊತ್ತು ಕೊಳೆಗೇರಿಗಳ ಕತ್ತಲೆ ಕೋಣೆಗಳಿಗೆ ನುಗ್ಗಿ ಫೋಟೋ ತೆಗೆಯತೊಡಗಿದ. ಎರಡು ಸಲ ಮನೆಗೆ, ಒಂದು ಸಲ ತನಗೇ ಬೆಂಕಿ ಹತ್ತಿಸಿಕೊಂಡೆ ಅಂತ ಅವನೇ ಬರೆದುಕೊಂಡಿದ್ದಾನೆ. 1890ರಲ್ಲಿ ಅವನ ಪುಸ್ತಕ ಬಂದು ದೊಡ್ಡವರ ಕಣ್ಣು ತೆರೆಸಿತು, ಸುಧಾರಣೆಗಳೂ ಆದವು. ಒಪ್ಪುತ್ತೇನೆ. ಆದರೆ ಆ ಫೋಟೋಗಳಲ್ಲಿ ನಿದ್ದೆಯಿಂದ ಎದ್ದು ದಿಗ್ಭ್ರಮೆಯಿಂದ ನೋಡುವ ಮುಖಗಳಿವೆಯಲ್ಲ, ಅವರನ್ನು ಯಾರು ಕೇಳಿದರು?

2008ರಲ್ಲಿ 'ಸ್ಲಮ್‌ಡಾಗ್ ಮಿಲಿಯನೇರ್' ಬಂದ ಮೇಲೆ ನಮ್ಮ ಧಾರಾವಿಗೂ ಕ್ಯಾಮೆರಾ ಹಿಡಿದವರು ಬಹಳ ಬಂದರು. ಪ್ರವಾಸಿಗರನ್ನು ಕರೆತಂದರೂ ಫೋಟೋ ತೆಗೆಯಬಾರದು ಅಂತ ನಿಯಮ ಇಟ್ಟುಕೊಂಡ ಸಂಸ್ಥೆಯೂ ಇದೆ, ಅವರಿಗೆ ಒಂದು ನಮಸ್ಕಾರ. ಉಳಿದವರಿಗೆ ಬೇಕಾದದ್ದು ಕತ್ತಲೆ ಗಲ್ಲಿ, ಗಟಾರ, ಅದರ ಪಕ್ಕ ನಗುವ ಮಗು. ಮನೆಯ ಒಳಗೆ ಸ್ಟೀಲಿನ ಪಾತ್ರೆ ಫಳಫಳ ಹೊಳೆಯುತ್ತಿರುತ್ತವೆ, ಅದು ಅವರ ಫೋಟೋದಲ್ಲಿ ಬರುವುದೇ ಇಲ್ಲ.

ನನ್ನ ವಾದ ಇಷ್ಟೇ. ನಮ್ಮ ಮಕ್ಕಳ ಮೇಲೆ ಬೆಳಕು ನಾವೇ ಹಾಕಬೇಕು, ನಮ್ಮ ಮನೆಯ ಒಳಗೇ ಹಾಕಬೇಕು. ಅದನ್ನು ಕಲಿಯುವುದು ಬ್ರಹ್ಮವಿದ್ಯೆ ಅಲ್ಲ. ಬಿ.ಕಾಂ. ಓದಿದ ನನಗೇ ಬಂತು.

ಫೋರ್ಟಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಫ್ಲಾಶ್ ಕೊಂಡೆ, ತಲೆ ತಿರುಗುವಂಥದ್ದು. ಪುಸ್ತಕದಲ್ಲಿ ಫ್ಲಾಶನ್ನು ಬಿಳಿ ಛಾವಣಿಗೆ ಹೊಡೆಯಿರಿ ಅಂತಾರೆ. ನಮ್ಮಲ್ಲಿ ಛಾವಣಿ ಎಲ್ಲಿದೆ? ಮಾಳಾದ ಕರಿ ಹಲಗೆ. ಗೋಡೆಗೆ ಹೊಡೆದೆ, ಗೋಡೆಗೆ ಹಸಿರು ಬಣ್ಣ, ಹುಡುಗಿಯ ಮುಖವೂ ಹಸಿರು! ಕೊನೆಗೆ ಅಪ್ಪನ ಬಿಳಿ ಧೋತರ ನೆನಪಾಯಿತು. ಅದನ್ನು ಹಗ್ಗಕ್ಕೆ ಹಾಕಿ ಹುಡುಗಿಯ ಎಡಕ್ಕೆ, ತುಸು ಮುಂದೆ, ಮೂರು ಅಡಿ ದೂರದಲ್ಲಿ ಇಳಿಬಿಟ್ಟೆ. ಫ್ಲಾಶಿನ ತಲೆಯನ್ನು ಧೋತರದ ಕಡೆ ತಿರುಗಿಸಿದೆ. ಈಗ ಬೆಳಕು ಬರುವುದು ಬೆಂಕಿಪೊಟ್ಟಣದಷ್ಟು ಗಾಜಿನಿಂದ ಅಲ್ಲ, ಒಂದು ಕಿಟಕಿಯಷ್ಟು ಬಟ್ಟೆಯಿಂದ. ಮೂಲ ದೊಡ್ಡದಾದಷ್ಟೂ, ಹತ್ತಿರವಾದಷ್ಟೂ ನೆರಳು ಮೆತ್ತಗಾಗುತ್ತದೆ. ಮೂಗಿನ ಒಂದು ಬದಿ ಬೆಳಕು, ಇನ್ನೊಂದು ಬದಿ ನಸುನೆರಳು. ಮುಖಕ್ಕೆ ಉಬ್ಬು-ತಗ್ಗು ಬಂತು.

ಎರಡನೆಯ ಪಾಠ ಲೆಕ್ಕದ್ದು. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಪಾಲು. ಅಂದಮೇಲೆ ಸಣ್ಣ ಖೋಲಿ ಅನ್ನುವುದು ಕೊರತೆಯಲ್ಲ, ಉಳಿತಾಯ! ಧೋತರ ಅಷ್ಟು ಹತ್ತಿರ ಇದ್ದದ್ದರಿಂದ ಫ್ಲಾಶಿನ ಎಂಟನೇ ಒಂದು ಪಾಲು ಶಕ್ತಿ ಸಾಕಾಯಿತು, ಸೆಲ್ಲೂ ಉಳಿಯಿತು. ಹುಡುಗಿಯನ್ನು ಗೋಡೆಯಿಂದ ನಾಲ್ಕು ಅಡಿ ಮುಂದೆ ಕೂರಿಸಿದೆ, ಹಿಂದಿನ ಕರಿ ಹುಡುಗಿ ಮಾಯ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಫ್ಲಾಶ್ ಮಿಂಚುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗ, ಇಲ್ಲವೇ ಅದಕ್ಕಿಂತ ಕಡಿಮೆ. ಶಟರ್ 1/125 ಇದ್ದರೂ 1/30 ಇದ್ದರೂ ಅದಕ್ಕೆ ಲೆಕ್ಕವಿಲ್ಲ. ಆದರೆ ಟ್ಯೂಬ್‌ಲೈಟಿಗೆ ಲೆಕ್ಕ ಉಂಟು. 1/125ರಲ್ಲಿ ಹಿಂದೆ ಬರೀ ಕತ್ತಲೆ, ಅದೇ ಪ್ರವಾಸಿಗರ ಧಾರಾವಿ. 1/30ಕ್ಕೆ ಇಳಿಸಿದೆ ನೋಡಿ... ಪಾತ್ರೆಯ ಶೆಲ್ಫು, ದೇವರ ಜಗಲಿ, ಏಣಿ, ಅದರ ಮೇಲಿನ ಸ್ಕೂಲ್ ಬ್ಯಾಗು, ಎಲ್ಲ ಮೆಲ್ಲಗೆ ಮೂಡಿದವು. (ಹಳದಿ ಬಲ್ಬ್ ಇದ್ದರೆ ಆರಿಸಿಬಿಡಿ, ಎರಡು ಬಣ್ಣದ ಬೆಳಕು ಜಗಳವಾಡುತ್ತವೆ.)

ಈಗ ಫೋನಿನಲ್ಲೇ ಎಲ್ಲ ಬರುತ್ತದಲ್ಲ ಅನ್ನುತ್ತೀರಿ. ಬರುತ್ತದೆ. ಕತ್ತಲಲ್ಲಿ ಫೋನು ಹಲವು ಚಿತ್ರ ತೆಗೆದು ಕೂಡಿಸುತ್ತದೆ, ಅಷ್ಟು ಹೊತ್ತು ಯಾವ ಮಗು ಅಲುಗದೆ ಕೂರುತ್ತದೆ? ಮೇಲಿಂದ ಎಷ್ಟೋ ಫೋನುಗಳು ಕೇಳದೆಯೇ ಚರ್ಮವನ್ನು ನುಣುಪು ಮಾಡಿ ಬೆಳ್ಳಗೆ ಮಾಡಿಬಿಡುತ್ತವೆ. ನನ್ನ ತಕರಾರು ಇಲ್ಲೇ ಇರುವುದು. ನಮ್ಮ ಹುಡುಗಿ ಎಣ್ಣೆಗೆಂಪು. ಪಕ್ಕದಿಂದ ಬಂದ ಮೆದು ಬೆಳಕಿನಲ್ಲಿ ಅವಳ ಕೆನ್ನೆಯ ಮೇಲೆ ಒಂದು ಹೊಳಪು ಬರುತ್ತದೆ, ಅದು ಬೆಳ್ಳಗೆ ಮಾಡಿದರೆ ಸತ್ತೇ ಹೋಗುತ್ತದೆ. ಆರು ವರ್ಷದ ಮಗುವಿಗೆ "ನಿನ್ನ ಬಣ್ಣ ತಪ್ಪು" ಅಂತ ಮೊದಲು ಹೇಳುವುದು ಮನೆಯ ಫೋಟೋ ಆಗಬಾರದು.

ನೇರ ಫ್ಲಾಶಿನಿಂದ ಒಂದು ಉಪಕಾರ ಮಾತ್ರ ಇದೆ, ಹೇಳಿಬಿಡುತ್ತೇನೆ. ಕೆಂಪು ಕಣ್ಣು ಬರುವುದು ಬೆಳಕು ಕಣ್ಣಿನ ಹಿಂದಿನ ಪರದೆಗೆ ತಾಗಿ ವಾಪಸ್ಸಾಗುವುದರಿಂದ, ಅದು ಸಹಜ. ಆದರೆ ಒಂದು ಕಣ್ಣು ಕೆಂಪಾಗಿ ಇನ್ನೊಂದರ ಪಾಪೆ ಮತ್ತೆ ಮತ್ತೆ ಬೆಳ್ಳಗೆ ಕಂಡರೆ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಎಷ್ಟೋ ಸಲ ಅದು ಬರೀ ಕೋನದ ಆಟ. ಆದರೆ ಮಕ್ಕಳ ಕಣ್ಣಿನ ಕ್ಯಾನ್ಸರ್ ಮೊದಲು ಕಾಣುವುದೂ ಹೀಗೇ.

ಇಷ್ಟೆಲ್ಲ ಅವಸರ ಯಾಕೆ? 2024ರ ಮಾರ್ಚ್‌ನಲ್ಲಿ ಪುನರಭಿವೃದ್ಧಿಯ ಮನೆ-ಮನೆ ಸಮೀಕ್ಷೆ ಶುರುವಾಯಿತು. 2000ದ ಜನವರಿ 1ಕ್ಕೆ ಮೊದಲಿನ ಕೆಳಮನೆ ಅಂತ ದಾಖಲೆ ತೋರಿಸಿದವರಿಗೆ ಧಾರಾವಿಯಲ್ಲೇ 350 ಚದರ ಅಡಿ ಮನೆ ಅನ್ನುತ್ತಾರೆ. ಸಿಕ್ಕರೆ ಸಂತೋಷ. ಗಟಾರದ ಪಕ್ಕ ಬದುಕುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ. ಅಪ್ಪನ ಫೋಟೋಪಾಸನ್ನು ತಮ್ಮ ಪ್ಲಾಸ್ಟಿಕ್ ಹಾಕಿಸಿ ಕಾಪಾಡಿದ್ದಾನೆ, ಅದೇ ನಮ್ಮ ಆಧಾರ. ಆದರೆ ಆ ಕಾಗದ ಹೇಳುವುದು ನಾವು ಇಲ್ಲಿ ಇದ್ದೆವು ಅಂತ ಮಾತ್ರ. ಹೇಗಿದ್ದೆವು ಅಂತ ಹೇಳುವ ಕಾಗದ ಯಾವ ಕಚೇರಿಯೂ ಕೊಡುವುದಿಲ್ಲ, ಅದನ್ನು ನಾವೇ ಮಾಡಿಕೊಳ್ಳಬೇಕು.

ಹುಡುಗಿಯನ್ನು ಮತ್ತೆ ಹಿಡಿದು ತಂದು ಕೂರಿಸಿದೆವು. ಹನ್ನೊಂದನೆಯ ಫೋಟೋ ಸರಿಯಾಗಿ ಬಂತು. ತಮ್ಮನ ಹೆಂಡತಿ ಬಹಳ ಹೊತ್ತು ನೋಡಿ, "ಅತ್ತಿ ಹಾಂಗ ಕಾಣ್ತಾಳ್ರೀ" ಅಂದಳು. ಅವ್ವನ ಮುಖ ಅವಳಲ್ಲಿದೆ ಅಂತ ನನಗೆ ಆವತ್ತಿನವರೆಗೆ ಹೊಳೆದಿರಲಿಲ್ಲ.

ನೀವೂ ಮುಂಬಯಿಯಲ್ಲೋ ಪುಣೆಯಲ್ಲೋ ಸಣ್ಣ ಖೋಲಿಯಲ್ಲಿದ್ದರೆ ಬರುವ ಭಾನುವಾರ ಒಂದು ಧೋತರ ಕಟ್ಟಿ ನೋಡಿ. ಫೋಟೋ ಫೋನಿನಲ್ಲೇ ಕೊಳೆಯಲು ಬಿಡಬೇಡಿ, ಪ್ರಿಂಟ್ ಹಾಕಿಸಿ. ಹಿಂದೆ ಹೆಸರು, ಗಲ್ಲಿ, ತಾರೀಖು ಬರೆಯಿರಿ. ನಾನು ಬ್ಯಾಂಕಿನವನು ನೋಡಿ, ತಾರೀಖಿಲ್ಲದ ಕಾಗದ ಒಪ್ಪುವುದಿಲ್ಲ.