ಡ್ಯಾಂಪಿಂಗ್ ಫ್ಯಾಕ್ಟರ್ 500 ಇದ್ದರೆ ಬೇಸ್ ಹತ್ತು ಪಟ್ಟು ಬಿಗಿಯಾಗುತ್ತದೆಯೇ?

‘ಡ್ಯಾಂಪಿಂಗ್ ಫ್ಯಾಕ್ಟರ್ 50 ಸಾಲದು, 500 ಇರುವ ಆಂಪ್ಲಿಫೈಯರನ್ನೇ ಕೊಳ್ಳಿ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಸಾವಿರಾರು ರೂಪಾಯಿ ಹೆಚ್ಚು ತೆರುವ ಮುನ್ನ ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಡೊಳ್ಳಿನ ಪೆಟ್ಟು ನಿಂತ ಮೇಲೂ ಸ್ಪೀಕರ್‌ನ ಕೋನ್ ತುಸು ಹೊತ್ತು ಅಲುಗಾಡುತ್ತದೆ. ಆಗ ಅದರ ಕಾಯಿಲ್ ಆಯಸ್ಕಾಂತದ ನಡುವೆ ಚಲಿಸಿ ತಾನೇ ವಿದ್ಯುತ್ ಹುಟ್ಟಿಸುತ್ತದೆ. ಆ ವಿದ್ಯುತ್ ಆಂಪ್ಲಿಫೈಯರ್ ಮೂಲಕ ಸುತ್ತಿ ಹರಿದಾಗ ಕೋನ್‌ಗೆ ಬ್ರೇಕ್ ಬೀಳುತ್ತದೆ. ದಾರಿಯಲ್ಲಿ ರೋಧ ಕಡಿಮೆಯಿದ್ದಷ್ಟೂ ಬ್ರೇಕ್ ಗಟ್ಟಿ. ಸ್ಪೀಕರ್‌ನ 8 ಓಮ್ ಅನ್ನು ಆಂಪ್ಲಿಫೈಯರ್‌ನ ಒಳರೋಧದಿಂದ ಭಾಗಿಸಿದರೆ ಬರುವುದೇ ಡ್ಯಾಂಪಿಂಗ್ ಫ್ಯಾಕ್ಟರ್.

ಜಾಹೀರಾತು ಹೇಳದ ಸಂಗತಿ ಏನೆಂದರೆ, ಅದೇ ದಾರಿಯಲ್ಲಿ ಕಾಯಿಲ್‌ನ ತಂತಿಯೂ ಇದೆ! ಅದೊಂದರ ರೋಧವೇ ಸುಮಾರು 6 ಓಮ್. ಫ್ಯಾಕ್ಟರ್ 50 ಎಂದರೆ ಆಂಪ್ಲಿಫೈಯರ್‌ನದು 0.16 ಓಮ್, 500 ಎಂದರೆ 0.016. ಅಂದರೆ ಒಟ್ಟು ರೋಧ 6.16ರಿಂದ 6.016ಕ್ಕೆ ಇಳಿಯಿತು, ಅಷ್ಟೇ. ಶೇ. 2ರ ಆಸುಪಾಸಿನ ಈ ವ್ಯತ್ಯಾಸವನ್ನು ಕಿವಿ ಗುರುತಿಸುವುದು ಕಷ್ಟ. 1.5 ಚದರ ಮಿ.ಮೀ. ತಾಮ್ರದ ವೈರನ್ನು 5 ಮೀಟರ್ ಎಳೆದರೆ, ಹೋಗಿಬರುವ ದಾರಿಯಲ್ಲಿ ಅದೇ ಸುಮಾರು 0.12 ಓಮ್ ಸೇರಿಸುತ್ತದೆ.

ಕೆಲವು ವಾಲ್ವ್ ಆಂಪ್ಲಿಫೈಯರ್‌ಗಳ ಕಥೆ ಬೇರೆ. ಅವುಗಳ ಒಳರೋಧ ಒಂದೆರಡು ಓಮ್ ಇರುವುದರಿಂದ ಬೇಸ್ ನಿಜಕ್ಕೂ ಸಡಿಲವಾಗಬಹುದು. ಉಳಿದಂತೆ, ಬೇಸ್ ಗುಂಯ್‌ಗುಡುತ್ತಿದ್ದರೆ ಮೊದಲು ಸ್ಪೀಕರನ್ನು ಗೋಡೆಯ ಮೂಲೆಯಿಂದ ಈಚೆಗೆ ಎಳೆದು ಕೇಳಿ. ಅದಕ್ಕೆ ಖರ್ಚಿಲ್ಲ.