ಒಂದು ಹಿಡಿಕೆ ಹಾಕ್ಸಾಕೆ ಇಷ್ಟು ಪಂಚಾಯ್ತಿ ಯಾಕೆ?

ಹೋದ ಸಲ ಹುರುಳಿಕಾಳಿನ ಬಸ್ಸಾರು ಬರೆದಿದ್ದೆ, ಚೆನ್ನಾಗೈತೆ ಅಂದ್ರಿ. ಈ ಸಲ ಅಡುಗೆ ಇಲ್ಲ, ಜಗಳ ಐತೆ. ನಮ್ಮನೆ ಗಂಡಸರ ಜೊತೆಗೂ ಐತೆ, ನಿಮ್ಮನೆ ಗಂಡಸರ ಜೊತೆಗೂ ಐತೆ. "ಹೋಗ್ಲಿ ಬಿಡಮ್ಮ" ಅಂತ ಸುಮ್ಮನಾಗೋ ನಮ್ಮ ಜೊತೆಗೂ ಸ್ವಲ್ಪ ಐತೆ.

ನಮ್ಮನೆ ವ್ಯಾನು ನಿಮಗೆಲ್ಲ ಗೊತ್ತು. ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ತಂದ ವಾರಕ್ಕೇ ಮೈದುನ ಹೊಸ ಸೀಟ್ ಕವರ್ ಹಾಕ್ಸಿದ. ಆಮೇಲೆ ಸ್ಪೀಕರ್ ಬಂತು, ಒಳಗೆ ನೀಲಿ ಲೈಟು ಬಂತು, ಹಿಂದಿನ ಗಾಜಿನ ಮ್ಯಾಲೆ ಮನೆದೇವ್ರ ಹೆಸ್ರು ಬಂತು. ಇವಕ್ಕೆಲ್ಲ ಯಾರೂ ಯಾರನ್ನೂ ಕೇಳ್ಲಿಲ್ಲ. ನಾನು "ಹಿಂದಿನ ಬಾಗಿಲ ಹತ್ರ ಅತ್ತೆ ಹಿಡ್ಕೊಂಡು ಹತ್ತಾಕೆ ಒಂದು ಹಿಡಿಕೆ ಹಾಕ್ಸಿ" ಅಂದಿದ್ದಕ್ಕೆ ಮಾತ್ರ ಮನೇಲಿ ಪಂಚಾಯ್ತಿ ಸೇರ್ತು.

ಮುಂದಿನ ಸೀಟಿನ ತಲೆ ಮ್ಯಾಲೆ ಒಂದು ಹಿಡಿಕೆ ಮೊದ್ಲಿಂದ ಐತೆ. ಅಲ್ಲಿ ಕೂರೋದು ಯಾರು? ಮೂವತ್ತು ವರ್ಷದ ಮೈದುನ. ಅವನ ಮಂಡಿ ಗಟ್ಟಿ, ಪ್ಯಾಂಟು ಹಾಕ್ಕೊಂಡವ್ನೆ, ಕೈಯಾಗೆ ಫೋನ್ ಬಿಟ್ರೆ ಏನಿಲ್ಲ. ಹಿಂದೆ ಹತ್ತೋರು ಯಾರು? ಸೀರೆ ಉಟ್ಟೋರು, ಕಂಕುಳಲ್ಲಿ ಕೂಸು ಇರೋರು, ಬುತ್ತಿ ಚೀಲ ಹಿಡ್ಕೊಂಡೋರು, ಮಂಡಿ ಸವೆದೋರು. ಅವರಿಗೆ ಹಿಡ್ಕಳಾಕೆ ಏನೂ ಇಲ್ಲ.

2022ರ ಆಷಾಢದಲ್ಲಿ ಜೋಗಿಮಟ್ಟಿಗೆ ಹೋಗಿದ್ವಿ. ಆಷಾಢದ ಗಾಳಿ ಅಂದ್ರೆ ನಿಮಗೆ ಹೇಳ್ಬೇಕಾ, ಸೆರಗು ನಿಲ್ಲಲ್ಲ. ಮ್ಯಾಲಕ್ಕೆ ಹೋಗೋ ದಾರಿ ಬರೀ ತಿರುವು, ಏರು. ಒಂದೊಂದು ತಿರುವಲ್ಲೂ ಅತ್ತೆ ಮುಂದಿನ ಸೀಟಿನ ಬೆನ್ನು ತಬ್ಕೊಂಡು ಕೂತಿದ್ರು. ನವಿಲು ಕೂಗಿದ್ರೆ "ಎಲ್ಲಿ, ಎಲ್ಲಿ" ಅಂತ ನಾವು ಕಿಟಕಿಗೆ ಬೀಳ್ತಿದ್ವಿ, ಅವರು ಮಾತ್ರ ಕಣ್ಣು ಮುಚ್ಕೊಂಡಿದ್ರು. ಮ್ಯಾಲೆ ಗಾಡಿ ನಿಂತಿದ್ದು ಇಳಿಜಾರಲ್ಲಿ, ಮೂತಿ ಕೆಳೀಕೆ. ಅತ್ತೆ ಇಳಿಯಾಕೆ ಎಳೆಯೋ ಬಾಗಿಲ ಅಂಚು ಹಿಡ್ಕೊಂಡ್ರು. ಬೇರೆ ಏನೈತೆ ಹಿಡ್ಕಳಾಕೆ? ಬಾಗಿಲು ಪೂರ್ತಿ ಹಿಂದಕ್ಕೆ ಹೋಗಿ ಕಚ್ಕೊಂಡಿರ್ಲಿಲ್ಲ, ಅವರ ಭಾರಕ್ಕೆ ಮುಂದಕ್ಕೆ ಜಾರ್ತು. ಬಾಗಿಲ ಜೊತೆ ಅವರೂ ತಿರುಗಿದ್ರು. ಬೀಳೋವಾಗ ಯಾರಾದ್ರೂ ಮಾಡೋದನ್ನೇ ಮಾಡಿದ್ರು, ಬಲಗೈ ಮುಂದೆ ಊರಿದ್ರು. ಮಣಿಕಟ್ಟು ಮುರೀತು.

ಆರು ವಾರ ಸಿಮೆಂಟ್ ಪಟ್ಟಿ. ಉಣ್ಣೋ ಕೈ ಅದು. ಸೊಸೆ ಕೈತುತ್ತು ತಿನ್ನಾಕೆ ಅವರಿಗೆ ಎಷ್ಟು ನಾಚ್ಕೆ ಆಯ್ತು ಅಂತ ನನಗೊಬ್ಳಿಗೇ ಗೊತ್ತು. ನೋಡಾಕೆ ಬಂದೋರೆಲ್ಲ ಹೇಳಿದ್ದು ಒಂದೇ ಮಾತು: "ವಯಸ್ಸಾಯ್ತಲ್ಲ, ಹುಷಾರಾಗಿ ಇಳೀಬೇಕಿತ್ತು." ಬಾಗಿಲು ಜಾರಿದ್ದು ಯಾರ ಬಾಯಲ್ಲೂ ಬರ್ಲಿಲ್ಲ. ತಪ್ಪೆಲ್ಲ ಅರವತ್ತೆಂಟು ವರ್ಷದ ಮಂಡೀದು.

ಪಟ್ಟಿ ಬಿಚ್ಚಿದ ಹೊಸದರಲ್ಲೇ ಮಾರಿಕಣಿವೆ ಕೋಡಿ ಬಿತ್ತು. 2022ರ ಸೆಪ್ಟೆಂಬರ್ ಮೊದಲ ವಾರ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ, 1933ರಲ್ಲಿ ಒಂದು ಸಲ ಕೋಡಿ ಬಿದ್ದಿದ್ದು, ಆಮೇಲೆ 89 ವರ್ಷ ಕಾದು ಬಿದ್ದಿದ್ದು. ಅತ್ತೆ ಹಿರಿಯೂರು ಕಡೆ ಹೆಣ್ಣುಮಗಳು. ಅವರಪ್ಪ ಹುಡುಗ ಆಗಿದ್ದಾಗ ಆ ಕೋಡಿ ನೋಡಿದ್ದನ್ನ ಸಾಯೋಗಂಟ ಹೇಳ್ತಿದ್ರಂತೆ. ಊರಿಗೂರೇ ಹೊರಟಿತ್ತು, ನಾವೂ ವ್ಯಾನು ತಗೊಂಡು ಹೊರಟ್ವಿ. ಅಲ್ಲಿ ಹೋಗಿ ನಿಂತ ಮ್ಯಾಲೆ ಅತ್ತೆ ಇಳೀಲಿಲ್ಲ. "ನೀವು ಹೋಗಿ ಬರ್ರಿ, ನಾನಿಲ್ಲೇ ಇರ್ತೀನಿ, ಸದ್ದು ಕೇಳ್ತೈತಲ್ಲ" ಅಂದ್ರು. ನಾವು ಹೋದ್ವಿ, ನೀರು ನೋಡಿದ್ವಿ, ಫೋಟೋ ತೆಗೆದ್ವಿ. ವಾಪಸ್ ಬಂದಾಗ ಅವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ರು. ಆ ಕಿಟಕಿಯಿಂದ ಕಾಣ್ತಿದ್ದಿದ್ದು ನಿಲ್ಲಿಸಿದ್ದ ಬೇರೆ ಗಾಡಿಗಳು.

ಮನೆಗೆ ಬಂದು ಹಿಡಿಕೆ ಮಾತು ತೆಗೆದಿದ್ದು ಅವತ್ತೇ ರಾತ್ರಿ. ಈಗ ಪಂಚಾಯ್ತೀಲಿ ಬಂದ ಮಾತು ಕೇಳ್ರಿ.

"ಹಿಡಿಕೆ ಯಾಕೆ, ಯಾರಾದ್ರೂ ಕೈ ಹಿಡ್ಕೊಂಡ್ರೆ ಆಯ್ತಪ್ಪ" ಅಂದ್ರು ನಮ್ಮನೆಯವ್ರು. ಈ "ಯಾರಾದ್ರೂ" ಯಾರು ಅಂತ ನಿಮಗೆ ಗೊತ್ತಲ್ಲ. ನಾನೇ. ಕೂಸು ಒಂದು ಕೈಲಿ, ಚೀಲ ಒಂದು ಕೈಲಿ, ಅತ್ತೆಗೆ ಕೊಡಾಕೆ ಮೂರನೇ ಕೈ ಎಲ್ಲಿಂದ ತರ್ಲಿ? ಅದೂ ಬಿಡ್ರಿ, ನೆಲದ ಮ್ಯಾಲೆ ನಿಂತೋರು ಮ್ಯಾಲಿಂದ ಇಳಿಯೋರ ಕೈ ಹಿಡಿದ್ರೆ ಮುಂದಕ್ಕೆ ಎಳೆದಂಗಾಗ್ತೈತೆ, ಆಧಾರ ಆಗಲ್ಲ. ಇಬ್ರೂ ಸೇರಿ ಬಿದ್ದಿರೋದನ್ನ ನಾನು ಕಂಡಿದೀನಿ. ಇನ್ನೊಂದು ಮಾತು, ಬೇರೇರ ಕೈ ಬೇಕಾದೋರು ಬೇರೇರು ಬಿಡುವಾಗೋಗಂಟ ಕಾಯ್ಬೇಕು. ದಾರೀಲಿ ಗಾಡಿ ನಿಲ್ಸಿ ಅಂತ ಕೇಳಾಕೇ ಅತ್ತೆ ಹಿಂಜರೀತಿದ್ರು. ಹೊರಡೋ ದಿನ ಬೆಳಗ್ಗಿಂದ ನೀರೇ ಕುಡೀತಿರ್ಲಿಲ್ಲ. ಇದನ್ನ ಯಾವ ಗಂಡಸು ಗಮನಿಸಿದ್ದ?

ಮೈದುನಂದು ಕಾನೂನು. "ಗಾಡೀಗೆ ಏನಾದ್ರೂ ಎಕ್ಸ್‌ಟ್ರಾ ಹಾಕಿದ್ರೆ ಆರ್‌ಟಿಒ ಹಿಡೀತಾರೆ ಅತ್ತಿಗೆ." ಹೌದೇನಪ್ಪ? ನಿನ್ನ ನೀಲಿ ಲೈಟಿಗೆ ಈ ಭಯ ಎಲ್ಲಿ ಹೋಗಿತ್ತು? ನಾನು ಆರ್‌ಸಿ ಕಾರ್ಡು ತಂದು ಅವನ ಮುಂದೆ ಇಟ್ಟೆ. ಬಣ್ಣ ಬರೆದೈತೆ, ಇಂಧನ ಬರೆದೈತೆ, ಎಷ್ಟು ಸೀಟು ಅಂತ ಬರೆದೈತೆ, ಎಂಜಿನ್ ನಂಬರು, ಚಾಸಿ ನಂಬರು ಐತೆ. ಹಿಡಿಕೆ ಅಂತ ಎಲ್ಲೈತೆ ತೋರ್ಸು ಅಂದೆ. ಮೋಟಾರು ಕಾಯ್ದೆಯ 52ನೇ ಕಲಂ ಬ್ಯಾಡ ಅನ್ನೋದು ಆರ್‌ಸೀಲಿ ಬರೆದಿರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಂಗೆ ಗಾಡಿ ಬದಲಾಯಿಸೋದನ್ನ. ಅತ್ತೆ ಹಿಡ್ಕಳೋ ಒಂದಡಿ ಪೈಪಿಗೆ ಸೀಟು ಹೆಚ್ಚಾಗಲ್ಲ, ಎಂಜಿನ್ನೂ ಬದಲಾಗಲ್ಲ.

"ಮಣೆ ಇಟ್ರೆ ಸಾಕು" ಅಂತ ಒಂದು ಮಾತು ಬಂತು. ಪ್ಲಾಸ್ಟಿಕ್ ಸ್ಟೂಲು ಇಟ್ಟು ನೋಡಿದ್ವಿ ಕೂಡ. ಸಮನೆಲದಲ್ಲಿ ಪರವಾಗಿಲ್ಲ, ಜಲ್ಲಿ ಮ್ಯಾಲೆ ಅದೇ ಕುಣೀತೈತೆ. ಕಾಲಿಗೆ ಮೆಟ್ಲು ಬೇಕು, ಒಪ್ಪಿದೆ. ಕೈಗೆ ಏನೂ ಇಲ್ದೆ ಮೆಟ್ಲು ಒಂದೇ ಸಾಲಲ್ಲ. ಸರ್ಕಾರಿ ಬಸ್ಸು ನಮ್ಮ ವ್ಯಾನಿಗಿಂತ ಎತ್ತರ. ಆದ್ರೂ ಅತ್ತೆ ಬಸ್ಸನ್ನ ಒಬ್ರೇ ಹತ್ತುತಾರೆ, ಯಾಕಂದ್ರೆ ಬಾಗಿಲಲ್ಲಿ ಪೈಪು ಐತೆ. ಮನೆ ಮುಂದೆ ಸ್ವಂತ ಗಾಡಿ ನಿಂತಿರೋವಾಗ "ನಾನು ಬಸ್ಸಲ್ಲೇ ಹೋಗ್ತೀನಿ" ಅಂದ್ರೆ ಮಗನಿಗೆ ಸಿಟ್ಟು ಬರ್ತಿತ್ತು, ಅವಮಾನ ಅಂತ. ಅವ್ವ ಯಾಕೆ ಹಂಗಂದ್ರು ಅಂತ ಕೇಳೋ ಬುದ್ಧಿ ಬರ್ಲಿಲ್ಲ.

ನಮ್ಮ ದುರ್ಗದ ಕೋಟೆ ನೋಡಿದೀರಲ್ಲ. ತುಪ್ಪದ ಕೊಳದ ಬತ್ತೇರಿಗೆ ಹತ್ತೋ ಬಂಡೇಲಿ ಕಾಲು ಸಿಕ್ಕಿಸಾಕೆ ಗುಳಿ ಕೊರೆದವ್ರೆ. ಕತ್ತಿ ಹಿಡಿದು ಕಾವಲು ಕಾಯೋ ಪೈಲ್ವಾನರಿಗೇ ಆಸರೆ ಬೇಕು ಅಂತ ಕೋಟೆ ಕಟ್ಟಿದೋರಿಗೆ ಗೊತ್ತಿತ್ತು, ಹಂಗಂತ ಅವರನ್ನ ಕೈಲಾಗದೋರು ಅಂತ ಯಾರೂ ಅನ್ಲಿಲ್ಲ.

ಕೊನೆಗೆ ನಾನೇ ವ್ಯಾನು ಹೊರಡಿಸ್ಕೊಂಡು ಅತ್ತೇನೂ ಕೂರಿಸ್ಕೊಂಡು ಹೋದೆ. ಹಾಕ್ಸೋರು ಇದನ್ನ ಸರಿಯಾಗಿ ಓದ್ಕಳ್ರಿ. ಮೊದ್ಲು ಹೋದ ಅಂಗಡಿಯವನು ಒಳಗಿನ ಪ್ಲಾಸ್ಟಿಕ್ ಮ್ಯಾಲೇ ಎರಡು ಸ್ಕ್ರೂ ತಿರುಗಿಸಿ "ಆಯ್ತಕ್ಕ" ಅನ್ನಾಕೆ ಹೊರಟ. ಬ್ಯಾಡ ಅಂದೆ. ಅದು ಸೆರಗು ನೇತಾಕಾಕೆ ಸರಿ. ಪ್ಲಾಸ್ಟಿಕ್ ಹಿಂದೆ ಇರೋ ತಗಡೂ ತೆಳು, ಸ್ಕ್ರೂ ಕಚ್ಕಳಾಕೆ ಅಲ್ಲಿ ಏನಿರಲ್ಲ. ಕಾಲು ಜಾರಿದಾಗ ಕೈ ಎಳೆಯೋ ಭಾರ ನಿಂತಾಗಿನ ತೂಕಕ್ಕಿಂತ ಹೆಚ್ಚು. ಗಟ್ಟಿ ಐತೆ ಅಂತ ನಂಬ್ಕೊಂಡು ಹಿಡ್ದಿದ್ದು ಕಿತ್ತು ಬಂದ್ರೆ, ಹಿಡಿಕೆ ಇಲ್ದೆ ಇರೋದಕ್ಕಿಂತ ಕೇಡು.

ಆಮೇಲೆ ಬಾಡಿ ಕಟ್ಟೋ ಶೆಡ್ಡಿಗೆ ಹೋದ್ವಿ. ಆ ಮೇಸ್ತ್ರಿ ಕೆಲಸ ಗೊತ್ತಿದ್ದೋರು. ಮೊದ್ಲು ಬಾಗಿಲ ಕಂಬದ ಪ್ಲಾಸ್ಟಿಕ್ ಬಿಚ್ಚಿ ಒಳಗೆ ಬ್ಯಾಟ್ರಿ ಬಿಟ್ಟು ನೋಡಿದ್ರು. ವೈರು ಎಲ್ಲಿ ಹೋಗೈತೆ, ಸೀಟ್ ಬೆಲ್ಟ್ ಎಲ್ಲಿ ಕೂತೈತೆ ಅಂತ. ಬೆಲ್ಟಿನ ಬೋಲ್ಟು ಮುಟ್ಟಲ್ಲ ಅಂದ್ರು. ಹೊಸ ಗಾಡಿಗಳಲ್ಲಿ ಕಿಟಕಿ ಮ್ಯಾಲಿನ ಅಂಚಲ್ಲಿ ಏರ್‌ಬ್ಯಾಗ್ ಇರ್ಬೋದು, ಅಲ್ಲಿ ತೂತು ಹೊಡಿಯೋ ಮಾತೇ ಇಲ್ಲ, ಕಂಪನಿ ಶೋರೂಮಲ್ಲಿ ಕೇಳ್ಕೊಂಡೇ ಕೈ ಹಾಕ್ಬೇಕು ಅಂತಲೂ ಹೇಳಿದ್ರು. ನಮ್ಮದು ಹಳೇದು, ಅದಿಲ್ಲ.

ಎಷ್ಟೆತ್ತರಕ್ಕೆ ಹಾಕ್ಬೇಕು ಅಂತ ಮೇಸ್ತ್ರಿ ನನ್ನ ಕೇಳಿದ್ರು. ನಾನು ನನ್ನ ಎತ್ತರಕ್ಕೆ ತೋರಿಸ್ತಿದ್ದೆ ನೋಡ್ರಿ, ನಂದೂ ಅದೇ ಬುದ್ಧಿ. ಅತ್ತೆ "ತಡಿಯಮ್ಮ" ಅಂತ ಒಂದು ಕಾಲು ಮ್ಯಾಲಿಟ್ಟು, ಕೈ ತಾನಾಗೇ ಎಲ್ಲಿಗೆ ಹೋಗ್ತೈತೋ ಅಲ್ಲಿ ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ಅಂಟಿಸಿದ್ರು. ಇಳಿಯೋವಾಗ ಕೈ ಹೋಗೋ ಜಾಗಕ್ಕೆ ಪರ್ಸಲ್ಲಿದ್ದ ಇನ್ನೊಂದು ಬೊಟ್ಟು. ಎರಡಕ್ಕೂ ಒಂದಡಿ ವ್ಯತ್ಯಾಸ ಇತ್ತು. ಅದಕ್ಕೇ ಅಡ್ಡ ಹಿಡಿಕೆ ಬಿಟ್ಟು ಉದ್ದುದ್ದ ಪೈಪು ಹಾಕಿಸಿದ್ವಿ. ಹತ್ತುತಾ ಹತ್ತುತಾ ಕೈ ಮ್ಯಾಲಕ್ಕೆ ಸರೀತೈತೆ, ಇಳಿಯೋವಾಗ ಕೆಳೀಕೆ ಬರ್ತೈತೆ. ತಗಡಿನ ಹಿಂದೆ ದಪ್ಪ ಕಬ್ಬಿಣದ ಪಟ್ಟಿ ಕೊಟ್ಟು, ಅಗಲ ವಾಷರ್ ಹಾಕಿ, ಸ್ಕ್ರೂ ಅಲ್ಲ, ಬೋಲ್ಟು ಬಿಗಿದ್ರು. ತುಕ್ಕು ಹಿಡಿಬಾರ್ದು ಅಂತ ತೂತಿನ ಅಂಚಿಗೆ ರೆಡ್ ಆಕ್ಸೈಡ್ ಬಳಿದ್ರು. ಸ್ಟೀಲು ಬೆವರಿದ ಕೈಗೆ ಜಾರ್ತೈತೆ ಅಂತ ರಬ್ಬರು ಸುತ್ತಿದ್ರು. ಕೊನೆಗೆ ಮೇಸ್ತ್ರೀನೇ ಅದಕ್ಕೆ ಜೋತುಬಿದ್ದು ಒದರಾಡಿ ತೋರಿಸಿದ್ರು. ಎಲ್ಲಾ ಸೇರಿ ಖರ್ಚಾಗಿದ್ದು ಆ ಸ್ಪೀಕರಿಗೆ ಕೊಟ್ಟಿದ್ದರಲ್ಲಿ ಕಾಲು ಭಾಗನೂ ಇಲ್ಲ.

ನೀವು ಕೇಳ್ಬೋದು, ಇದಕ್ಕೆ ಇಷ್ಟುದ್ದ ಬರೀಬೇಕಾ ಅಂತ. ನಮ್ಮ ಓಣೀಲೇ ಎಣಿಸಿ ನೋಡ್ರಿ. ಎಷ್ಟು ಮನೇಲಿ ವ್ಯಾನು, ಕಾರು ಅವೆ, ಎಷ್ಟು ಜನ ಅವ್ವಂದಿರು "ನಾನು ಮನೆ ಕಾಯ್ತೀನಿ, ನೀವು ಹೋಗಿ ಬರ್ರಿ" ಅಂತಾರೆ. ನಾವು ಅದನ್ನ ವೈರಾಗ್ಯ ಅಂತ ಅನ್ಕೊಂಡಿದೀವಿ. ನಾಯಕನಹಟ್ಟಿ ಜಾತ್ರೆ ಬ್ಯಾಡ, ತಂಗಿ ಮೊಮ್ಮಗನ ನಾಮಕರಣ ಬ್ಯಾಡ, ತವರು ಬ್ಯಾಡ ಅನ್ನೋ ಹೆಂಗಸು ಎಲ್ಲಾದ್ರೂ ಉಂಟಾ? ಬ್ಯಾಡ ಆಗಿರೋದು ಆ ಹತ್ತೋದು, ಇಳಿಯೋದು, ನಾಲ್ಕು ಜನ ನಿಂತು ನೋಡೋದು.

2025ರ ಜನವರೀಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತಲ್ಲ, ಅವತ್ತು ಗಾಡಿ ನಿಲ್ಲೋದೇ ತಡ ನಾನು ಕೂಸಿನ ಚಪ್ಪಲಿ ಹುಡುಕ್ತಾ ಇದ್ದೆ. ತಿರುಗಿ ನೋಡಿದ್ರೆ ಅತ್ತೆ ಸೀಟಲ್ಲಿಲ್ಲ. ಆಗಲೇ ಕೆಳಗಿಳಿದು ಜನದ ನಡುವೆ ನೂರು ಹೆಜ್ಜೆ ಮುಂದೆ ಹೋಗಿದ್ರು. ಬಲಗಡೆ ಬಾಗಿಲಿಗೆ ಇನ್ನೂ ಹಾಕ್ಸಿಲ್ಲ. ಆ ಕಡೆ ಹತ್ತೋಳು ನಾನು, ನನ್ನ ಸೊಂಟಕ್ಕೂ ಈಗ ಬೇಕಾಗೈತೆ. ಮೇಸ್ತ್ರಿ ಸೋಮವಾರ ಬನ್ರಿ ಅಂದವ್ರೆ.